ತಲುಪಿಯೂ ತಲುಪದ ಅರ್ಜಿ

ಅವಳಿಗೆ ಗುಂಡಿ ಎಂದು ಹೆಸರಿಟ್ಟವಳು ಅತ್ತಿಗೆ. ಕಚೇರಿಯ ಗುರುತಿನ ಚೀಟಿಯಲ್ಲಿ ಬೇರೆ ಹೆಸರಿತ್ತು, ನಿಜ. ಆದರೆ ಯಾರಾದರೂ ಆ ಹೆಸರಿನಿಂದ ಕೂಗಿದರೆ ಅವಳೇ ಒಮ್ಮೆ ಹಿಂದೆ ತಿರುಗಿ, ಇನ್ನಾರನ್ನೋ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದಳು. ತಾಯಿ ತೀರಿಕೊಂಡ ಮರುವರ್ಷ ಅಣ್ಣ ಮದುವೆಯಾಗಿ ಕರೆತಂದ ಹುಡುಗಿ ಹೊಲಿಗೆಯವಳು. ಬಟ್ಟೆ ಅಂಗಡಿಗಳಿಂದ ಕಟ್ಟುಗಟ್ಟಲೆ ಅಂಗಿ ತಂದು, ಮನೆಯಲ್ಲೇ ಕೂತು ಕಾಜಾ ಹಾಕಿ, ಗುಂಡಿ ಹೊಲಿದು ಕೊಡುತ್ತಿದ್ದಳು. ಆರು ವರ್ಷದ ನಾದಿನಿ ಮೊದಲ ವಾರದಿಂದಲೇ ಅವಳ ಮಗ್ಗುಲು ಬಿಟ್ಟು ಕದಲದಾದಾಗ, "ಇದು ಯಾವ ಅಂಗಿಯಿಂದ ಕಿತ್ತು ಬಂದ ಗುಂಡಿಯೋ, ನನಗೇ ಹೊಲಿದುಕೊಂಡುಬಿಟ್ಟಿದೆ" ಎಂದಳು.

"ಗುಂಡಿ ಅಂದ್ರೆ ಹಳ್ಳ ಅಂತಾನೂ ಅರ್ಥ ಇದೆ," ಅಣ್ಣ ಕೆಣಕಿದ.

"ಅದೂ ಸರೀನೇ. ಎಷ್ಟು ಬಡಿಸಿದ್ರೂ ತುಂಬಲ್ಲ."

ಆ ಹೆಸರೇ ನಿಂತಿತು.

ತಲೆ ಬಾಚಿದ್ದು ಅತ್ತಿಗೆ, ಮಗ್ಗಿ ಬಾಯಿಪಾಠ ಮಾಡಿಸಿದ್ದು ಅತ್ತಿಗೆ, ಶಾಲೆಯಲ್ಲಿ ಯಾರೋ ಹೊಡೆದರೆಂದು ಅವರ ಮನೆ ಬಾಗಿಲಿಗೆ ಹೋಗಿ ಜಗಳ ಕಾದದ್ದೂ ಅತ್ತಿಗೆ. ಅವಳಿಗೆ ಬಹುವಚನ ಹಚ್ಚಿ ಮಾತಾಡಿ ಗುಂಡಿಗೆ ಅಭ್ಯಾಸವೇ ಇಲ್ಲ. ಅತ್ತಿಗೆಗೆ ಮಕ್ಕಳಾಗಲಿಲ್ಲ. ಯಾರಾದರೂ ಕನಿಕರ ತೋರಿಸಲು ಬಂದರೆ, "ಒಂದಿದೆಯಲ್ಲ, ಅದರ ಹೊಟ್ಟೆ ತುಂಬಿಸೋದೇ ಸಾಕಾಗಿದೆ" ಎಂದು ಸಾಗಹಾಕುತ್ತಿದ್ದಳು. ಗುಂಡಿ ಓದಿ ಕೆಲಸ ಹಿಡಿದು, ಮದುವೆಯಾಗಿ, ಆ ಮದುವೆ ಎರಡೇ ವರ್ಷಕ್ಕೆ ಮುರಿದು, ಪೆಟ್ಟಿಗೆ ಹಿಡಿದು ತವರಿನ ಮೆಟ್ಟಿಲು ಹತ್ತಿದ ದಿನ ಅತ್ತಿಗೆ ಬಾಗಿಲು ತೆಗೆದು ಕೇಳಿದ್ದು ಒಂದೇ ಮಾತು: "ಊಟ ಆಯ್ತಾ?"

ಗುಂಡಿಯ ಕಚೇರಿಯಲ್ಲಿ ರೋಗಿಗಳಿರಲಿಲ್ಲ, ಔಷಧದ ವಾಸನೆಯೂ ಇರಲಿಲ್ಲ. ಆದರೂ ಊರಿನ ಅರ್ಧ ಕಾಯಿಲೆ ಅವಳ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಒಂದು ಕಡೆ ನೂರಾರು ಆಸ್ಪತ್ರೆಗಳು, ಇನ್ನೊಂದು ಕಡೆ ಹತ್ತಾರು ವಿಮಾ ಕಂಪನಿಗಳು, ನಡುವೆ ಇವರು. "ಈ ರೋಗಿಗೆ ಇಂಥ ಚಿಕಿತ್ಸೆ ಬೇಕು, ಮಾಡಬಹುದೇ?" ಎಂದು ಆಸ್ಪತ್ರೆಯ ಕಂಪ್ಯೂಟರ್ ಕೇಳುತ್ತದೆ. ಆ ಅರ್ಜಿ ನೇರವಾಗಿ ಕಂಪನಿಗೆ ಹೋಗುವುದಿಲ್ಲ. ಮೊದಲು ಇಲ್ಲಿಗೆ ಬರುತ್ತದೆ. ಇಲ್ಲಿ ಅದನ್ನು ಆಯಾ ಕಂಪನಿಗೆ ಅರ್ಥವಾಗುವ ಹಾಗೆ ಒಪ್ಪಗೊಳಿಸಿ, ನೆತ್ತಿಯ ಮೇಲೆ ಆ ಕಂಪನಿಯ ಸಂಕೇತ ಸಂಖ್ಯೆ ಹಚ್ಚಿ ಕಳಿಸಬೇಕು. ಉತ್ತರವೂ ಅದೇ ದಾರಿಯಲ್ಲಿ ಹಿಂದಿರುಗಬೇಕು. ಬಹುಪಾಲು ಕೆಲಸ ಯಂತ್ರದ್ದೇ. ದಾರಿ ತಪ್ಪಿದವನ್ನು ಹಿಡಿದು ದಾರಿಗೆ ಹಚ್ಚುವುದು ಗುಂಡಿಯ ಪಾಲು. ಆ ತುದಿಯ ಯಂತ್ರ "ಬಂತು" ಎಂದು ಹೇಳಿದರೆ ಪರದೆಯ ಮೇಲೆ ಒಂದು ಹಸಿರು ಗುರುತು ಮೂಡುತ್ತದೆ. ಅದು ಮೂಡಿತೆಂದರೆ ಇವರ ಹೊಣೆ ತೀರಿತು.

ಆಸ್ಪತ್ರೆಯವರು ಫೋನು ಮಾಡಿ ಗೋಗರೆಯುವುದು ದಿನನಿತ್ಯದ್ದು. "ಮೇಡಂ, ಇನ್ನೂ ಉತ್ತರ ಬಂದಿಲ್ಲ. ಪೇಷೆಂಟ್ ಇಲ್ಲೇ ಕೂತಿದ್ದಾರೆ."

"ತಲುಪಿದೆ ಸರ್. ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ. ದಯವಿಟ್ಟು ಕಂಪನಿಯವರನ್ನ ವಿಚಾರಿಸಿ."

ಮೃದುವಾಗಿಯೇ ಹೇಳುತ್ತಿದ್ದಳು. ಸುಳ್ಳೂ ಆಗಿರಲಿಲ್ಲ. ಹೇಳಿ ಫೋನಿಟ್ಟು, ಮುಂದಿನದಕ್ಕೆ ಕೈ ಹಾಕುತ್ತಿದ್ದಳು.

ಅತ್ತಿಗೆಗೆ ಸಕ್ಕರೆ ಕಾಯಿಲೆ ಹಳೆಯದು. ಅದು ಒಳಗೊಳಗೇ ಕಣ್ಣಿಗೆ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಬಿಳಿ ಅಂಗಿಯ ಮೇಲೆ ಬೂದಿ ಬಿದ್ದಿದೆಯೆಂದು ಮತ್ತೆ ಮತ್ತೆ ಕೊಡವಿದಳು. ಬೂದಿ ಹೋಗಲಿಲ್ಲ. ಅದು ಅಂಗಿಯ ಮೇಲಿರಲಿಲ್ಲ, ಎಡಗಣ್ಣಿನೊಳಗಿತ್ತು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಅಣ್ಣನನ್ನೂ ಗುಂಡಿಯನ್ನೂ ಒಳಕ್ಕೆ ಕರೆದರು.

"ಒಳಗೆ ರಕ್ತ ಸೋರಿದೆ. ಅಲ್ಲಿ ಪೊರೆ ಬೆಳೆದು ಕಣ್ಣಿನ ಹಿಂದಿನ ಪರದೇನ ಎಳೀತಾ ಇದೆ. ನಡುಭಾಗ ಇನ್ನೂ ಕಿತ್ತಿಲ್ಲ, ಪುಣ್ಯ. ಅದು ಕಿತ್ತರೆ ಆಮೇಲೆ ನಾನು ಏನು ಮಾಡಿದ್ರೂ ನೋಟ ಬರಲ್ಲ. ಬೇಗ ಆಪರೇಷನ್ ಆಗಬೇಕು. ಬಲಗಣ್ಣಿಗೂ ಇಂಜೆಕ್ಷನ್ ಶುರು ಮಾಡಬೇಕು."

ಅಣ್ಣ ಲಿಫ್ಟ್ ರಿಪೇರಿಯವನು. ಅವನ ಕಂಪನಿ ಮನೆಯವರಿಗೆಲ್ಲ ವಿಮೆ ಮಾಡಿಸಿತ್ತು. ಕೈಯಿಂದ ಹಾಕಿ ಆಪರೇಷನ್ ಮಾಡಿಸುವಷ್ಟು ಅನುಕೂಲ ಇರಲಿಲ್ಲ. ಆಸ್ಪತ್ರೆಯೂ ವಿಮಾ ಕಂಪನಿಯ ಒಪ್ಪಿಗೆ ಬರದೆ ದಾಖಲು ಮಾಡಿಕೊಳ್ಳುತ್ತಿರಲಿಲ್ಲ. ಆದರೆ ಆ ದಿನ ಅಣ್ಣನಿಗೆ ಚಿಂತೆಯೇ ಇರಲಿಲ್ಲ. ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೂತಿದ್ದವನ ಮುಂದೆ ತಂಗಿಯ ಹೆಗಲು ತಟ್ಟಿ, "ನೀವು ಕಳಿಸಿ ಸಾರ್, ಸಾಕು. ನಡುವೆ ಕೂತಿರೋದು ನಮ್ಮ ಹುಡುಗೀನೇ" ಎಂದ. ಗುಂಡಿ ನಾಚಿಕೊಂಡಳು. ಒಳಗೊಳಗೆ ಹಿಗ್ಗಿದಳು ಕೂಡ.

ಅರ್ಜಿ ಹೋಯಿತು. ಹಸಿರು ಗುರುತು ಮೂಡಿತು. ನಂಟರ ಕಡತವನ್ನು ತೆರೆಯಬಾರದು, ಮುಟ್ಟಬಾರದು ಎಂಬ ಕಟ್ಟುನಿಟ್ಟಿನ ನಿಯಮ ಕಚೇರಿಯಲ್ಲಿತ್ತು. ಹೊರಗಿನ ಗುರುತು ನೋಡಬಹುದು, ಅಷ್ಟೇ. ಅವಳು ಅಷ್ಟನ್ನೇ ನೋಡಿ ಮನೆಗೆ ಫೋನು ಮಾಡಿದಳು: "ತಲುಪಿದೆ ಅತ್ತಿಗೆ. ಇನ್ನೇನು, ನಾಳೆ ನಾಡಿದ್ದರಲ್ಲಿ ಬರುತ್ತೆ."

ನಾಳೆ ಬರಲಿಲ್ಲ, ನಾಡಿದ್ದೂ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದಾಯಿತು. ವಾರ ಕಳೆಯಿತು. ಅತ್ತಿಗೆ ಈಗ ಬೆರಳ ತುದಿಯಲ್ಲಿ ತಡವಿ ಕಾಜಾ ಹಾಕುತ್ತಿದ್ದಳು. ಹೊಲಿಗೆ ಅಂಕುಡೊಂಕಾದರೆ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ, ಬಟ್ಟೆಯೇ ಪಿಸಿಯಿತು. ಅಂಗಡಿಯವನು ಕಟ್ಟನ್ನು ವಾಪಸು ಒಯ್ದ. "ಎಡಗಣ್ಣಲ್ಲಿ ಕೆಳಗಡೆಯಿಂದ ಒಂದು ಕಪ್ಪು ಮೇಲೆ ಬರ್ತಾ ಇದೆ ಕಣೇ. ನಿನ್ನೆ ನಿನ್ನ ಗದ್ದ ಕಾಣ್ತಿತ್ತು, ಇವತ್ತು ಮೂಗಿನಿಂದ ಮೇಲಷ್ಟೇ ಇದ್ದೀಯ" ಎಂದು ಅತ್ತಿಗೆ ನಗುತ್ತಲೇ ಹೇಳಿದಳು.

ಗುಂಡಿ ವಿಮಾ ಕಂಪನಿಗೆ ಫೋನು ಹಚ್ಚಿದಳು. ಮೊದಲು ಸಂಗೀತ, ಆಮೇಲೆ "ನಿಮ್ಮ ಕರೆ ನಮಗೆ ಅಮೂಲ್ಯ", ಮತ್ತೆ ಸಂಗೀತ. ಕೊನೆಗೆ ಒಂದು ಹುಡುಗನ ದನಿ.

"ನಮಗೆ ಆ ಅರ್ಜಿ ಬಂದೇ ಇಲ್ಲ ಮೇಡಂ."

"ಬಂದಿದೆ ಅಂತ ನಿಮ್ಮ ಯಂತ್ರಾನೇ ಹೇಳಿದೆಯಲ್ಲಪ್ಪ!"

"ನಮ್ಮಲ್ಲಿ ಕಾಣಿಸ್ತಿಲ್ಲ ಮೇಡಂ. ದಯವಿಟ್ಟು ನಡುವಿನ ಕಚೇರಿಯವರನ್ನ ವಿಚಾರಿಸಿ."

ಎಷ್ಟು ಮೃದುವಾದ ದನಿ! ಆ ಮೃದುತನ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಹತ್ತು ಸಲ ಅವಳ ಗಂಟಲಿನಿಂದಲೇ ಬರುವಂಥದ್ದು. ಅರ್ಜಿಯನ್ನು ಮತ್ತೊಮ್ಮೆ ಕಳಿಸಿ ಎಂದು ಆಸ್ಪತ್ರೆಯ ಕೌಂಟರಿನವನನ್ನು ಬೇಡಿಕೊಂಡಳು. ಅವನು ಮತ್ತೆ ಕಳಿಸಿದ. ಮತ್ತೆ ಹಸಿರು. ಮತ್ತೆ ಮೌನ. ಮೂರನೆಯ ಸಲ ಕೇಳಿದಾಗ, "ಮೇಡಂ, ನೀವೇ ಅಲ್ವಾ ತಲುಪಿದೆ ಅಂದಿದ್ದು?" ಎಂದ. ಅಣಕವಿರಲಿಲ್ಲ ಅವನ ಮಾತಿನಲ್ಲಿ, ಬರೀ ದಣಿವಿತ್ತು.

ಅಣ್ಣ ಮಾತ್ರ ತಡೆದುಕೊಳ್ಳಲಿಲ್ಲ. "ಊರಿನವರ ಕಾಗದ ಎಲ್ಲಾ ತಲುಪಿಸ್ತೀಯ, ಮನೆಯವಳದು ಒಂದು ತಲುಪಿಸೋಕಾಗಲ್ವಾ? ಏನು ಕೆಲಸ ಮಾಡ್ತೀಯೇ ನೀನು ಅಲ್ಲಿ?"

"ಬೈಬೇಡಿ ಅವಳನ್ನ," ಅತ್ತಿಗೆ ಗೋಡೆ ಹಿಡಿದು ಬಂದಳು. "ಅವಳೇನು ಮೂಟೆ ಹೊತ್ತುಕೊಂಡು ಹೋಗಿ ಕೊಡ್ತಾಳಾ?"

ಆ ಮಾತೇ ಗುಂಡಿಗೆ ದಾರಿ ತೋರಿಸಿತೋ ಏನೋ. ಮರುದಿನ ರಜೆ ಬರೆದು, ಡಾಕ್ಟರ ಚೀಟಿ ಹಿಡಿದುಕೊಂಡು ತಾನೇ ವಿಮಾ ಕಂಪನಿಗೆ ಹೊರಟಳು. ಇಷ್ಟು ವರ್ಷ ದಿನವೂ ಅಲ್ಲಿಗೆ ಅರ್ಜಿ ಕಳಿಸಿದವಳು, ಒಂದು ಸಲವೂ ಆ ಕಟ್ಟಡ ಕಂಡಿರಲಿಲ್ಲ. ಹೊರಗೆ ಫಲಕದ ಮೇಲೆ ಹಳೆಯ ಹೆಸರು ಕಿತ್ತ ಕಡೆ ಮೊಳೆಯ ತೂತುಗಳು. ಪಕ್ಕದಲ್ಲಿ ಹೊಸ ಹೆಸರು ಹೊಳೆಯುತ್ತಿತ್ತು. ಈ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿದೆ ಎಂದು ಅವಳೂ ಕೇಳಿದ್ದಳು. ಹೆಸರು ಬದಲಾದರೇನು, ಅರ್ಜಿಗಳು ಹೋಗುತ್ತಲೇ ಇವೆಯಲ್ಲ, ಎಂದು ಎಲ್ಲರೂ ಸುಮ್ಮನಿದ್ದರು.

ಗಾಜಿನ ಕಿಟಕಿಯ ಹಿಂದೆ ನೆಗಡಿ ಹಿಡಿದ, ಹೆಗಲಿಗೆ ಶಾಲು ಹೊದ್ದ ಹೆಂಗಸು ಕೂತಿದ್ದಳು. ಸರದಿ ಬಂದಾಗ ಗುಂಡಿ ತಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿ, ಹಿಂದಿನ ವಾರದ ಅರ್ಜಿ ಎಲ್ಲಿದೆ ಎಂದಳು. ಹೆಂಗಸು ಹುಡುಕಿದಳು.

"ಇಲ್ಲಮ್ಮ. ಯಾವ ಸಂಖ್ಯೆಗೆ ಕಳಿಸಿದ್ರಿ?"

ಗುಂಡಿ ಸಂಕೇತ ಸಂಖ್ಯೆ ಹೇಳಿದಳು. ಅದು ಅವಳಿಗೆ ಮಗ್ಗಿಯ ಹಾಗೆ ಬಾಯಿಪಾಠ.

"ಅಯ್ಯೋ, ಅದು ಹಳೇದು. ಅದನ್ನ ಮುಚ್ಚಿ ತಿಂಗಳಾಯ್ತು. ಈಗ ಎಲ್ಲಾ ಹೊಸ ಸಂಖ್ಯೆಗೆ. ನಿಮ್ಮ ಕಚೇರಿಗೆ ತಿಳಿಸಿದ್ದೀವಲ್ಲ?"

"ಮುಚ್ಚಿದ್ರೆ ಅಲ್ಲಿಂದ 'ಬಂತು' ಅಂತ ಹೇಳ್ತಿರೋರು ಯಾರಮ್ಮ?"

ಹೆಂಗಸು ಅವಳ ಮುಖ ನೋಡಿದಳು. ಒಳಗೆ ಯಾರಿಗೋ ಫೋನು ಮಾಡಿ ಬಹಳ ಹೊತ್ತು ಮಾತಾಡಿದಳು. ಮೂಗು ಒರೆಸಿಕೊಳ್ಳುವುದನ್ನೂ ಮರೆತಳು. ಹಳೆಯ ಲೆಕ್ಕಾಚಾರ ಮುಗಿಯುವವರೆಗೆ ಇರಲಿ ಎಂದು ಹಳೆಯ ಯಂತ್ರವನ್ನು ಆರಿಸದೆ ಬಿಟ್ಟಿದ್ದರಂತೆ. ಬಂದದ್ದನ್ನೆಲ್ಲ ಅದು ಎಂದಿನಂತೆ ಒಳಗೆ ಹಾಕಿಕೊಂಡು, ಎಂದಿನಂತೆ "ಬಂತು" ಎಂದು ಹೇಳುತ್ತಿತ್ತು. ಅದರ ಮುಂದೆ ಕೂತು ಓದುತ್ತಿದ್ದವರನ್ನೆಲ್ಲ ಬೇರೆ ವಿಭಾಗಕ್ಕೆ ಹಾಕಿದ್ದರು.

"ಹಾಗಾದ್ರೆ ಅದರಲ್ಲಿ ಇನ್ನೂ ಎಷ್ಟು ಜನರದು..."

"ನನ್ನ ಕೇಳಬೇಡಮ್ಮ," ಹೆಂಗಸಿನ ದನಿ ಇಳಿಯಿತು. "ಹೊಸ ಸಂಖ್ಯೆ ಬರೆದುಕೊಡ್ತೀನಿ. ಅದಕ್ಕೆ ಕಳಿಸಿ. ಬೇಗ ಕಳಿಸಿ."

ಗುಂಡಿ ರಜೆ ಹಾಕಿದ್ದನ್ನೂ ಮರೆತು ಅಲ್ಲಿಂದ ನೇರ ಕಚೇರಿಗೆ ಓಡಿದಳು. ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಮೇಲ್ವಿಚಾರಕ ತನ್ನ ಮೇಜಿನಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದ. ಕೆಟ್ಟವನಲ್ಲ, ಹೆದರಿದವನು. ಕೆಲವು ವರ್ಷದ ಹಿಂದೆ ಯಾರೋ ಅವಸರದಲ್ಲಿ ದಾರಿ ಬದಲಾಯಿಸಿ, ಒಂದು ಕಂಪನಿಯ ರೋಗಿಗಳ ಗುಟ್ಟೆಲ್ಲ ಇನ್ನೊಂದು ಕಂಪನಿಗೆ ಹೋಗಿ, ಇವನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನ ಕೆಲಸ ಹೋಗಿತ್ತು. ಅವನು ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡ.

"ಅವರ ಕಾಗದ ಯಾವುದೂ ನನ್ನ ಕೈಗೆ ಬಂದಿಲ್ಲ. ಅವರು ಅಧಿಕೃತವಾಗಿ ನಮಗೆ ತಿಳಿಸಬೇಕು. ಸಮಿತಿ ನೋಡಬೇಕು. ಆಮೇಲೆ ಪರೀಕ್ಷೆ. ಮುಂದಿನ ವಾರ ನಾನೇ ಮುಂದೆ ನಿಂತು ಮಾಡಿಸ್ತೀನಮ್ಮ."

"ಮುಂದಿನ ವಾರದ ಹೊತ್ತಿಗೆ ಕಣ್ಣು ಹೋಗಿರುತ್ತೆ ಸರ್."

"ನಿಮ್ಮ ಮನೆಯವರು ಅಂತ ನಾನು ನಿಯಮ..."

"ನಮ್ಮ ಮನೆಯವರದು ಬಿಡಿ. ಇಲ್ಲಿ ಬನ್ನಿ. ನೋಡಿ."

ಹಳೆಯ ಸಂಖ್ಯೆಗೆ ಹೋಗಿ, ಹಸಿರು ಬಿದ್ದು, ಉತ್ತರವಿಲ್ಲದೆ ನಿಂತವನ್ನೆಲ್ಲ ಅವಳು ಪರದೆಯ ಮೇಲೆ ಎಳೆದು ನಿಲ್ಲಿಸಿದಳು. ಪುಟ ಉರುಳಿಸಿದಷ್ಟೂ ಮುಗಿಯಲಿಲ್ಲ. ಮೂತ್ರಪಿಂಡ, ಗರ್ಭಕೋಶ, ಎದೆ, ಬೆನ್ನೆಲುಬು, ಒಂದು ತಿಂಗಳ ಕೂಸಿನ ಹೃದಯ. ಎಲ್ಲದರ ಮುಂದೂ ಹಸಿರು. ಒಂದು ತಿಂಗಳಿಂದ ಈ ಜನರ ಆಸ್ಪತ್ರೆಯವರು ಫೋನು ಮಾಡಿರಬೇಕು. ಅವಳೇ ಎತ್ತಿರಬೇಕು. ಅವಳೇ ಹೇಳಿರಬೇಕು.

ಮೇಲ್ವಿಚಾರಕ ಫೋನು ಕೈಗೆತ್ತಿಕೊಂಡ. "ನಿರ್ದೇಶಕರಿಗೆ ಫೋನು ಮಾಡ್ತೀನಿ" ಎಂದ. ಮಾಡಿದ. ಅವರು ಸಭೆಯಲ್ಲಿದ್ದರು. ಮತ್ತೆ ಮಾಡಿದ. ಸಭೆ ಮುಗಿದಿರಲಿಲ್ಲ.

ಗುಂಡಿ ಕೂತಳು. ದಾರಿ ಬದಲಾಯಿಸುವ ಪುಟ ತೆರೆದಳು.

"ಏನ್ ಮಾಡ್ತಿದ್ದೀಯಮ್ಮ?"

"ಬದಲಾಯಿಸ್ತಿದ್ದೀನಿ ಸರ್."

"ನಾನು ಮೇಲಕ್ಕೆ ವರದಿ ಮಾಡಲೇಬೇಕಾಗುತ್ತೆ."

"ಮಾಡಿ ಸರ್. ಮೊದಲು ಅಂಕಿ ಸರಿ ಇದೆಯಾ ನೋಡಿ."

ಅವನು ಕನ್ನಡಕ ಏರಿಸಿಕೊಂಡು ಬಗ್ಗಿದ. ಹೆಂಗಸು ಬರೆದುಕೊಟ್ಟ ಚೀಟಿಯನ್ನೂ ಪರದೆಯನ್ನೂ ಎರಡು ಸಲ ತಾಳೆ ನೋಡಿದ. "ಕೊನೆಯಲ್ಲಿ ಏಳು. ನೀನು ಒಂದು ಹಾಕಿದ್ದೀಯ" ಎಂದ. ಅವಳು ತಿದ್ದಿದಳು.

ಪರೀಕ್ಷೆಗೆಂದು ಮೊದಲು ಒಂದೇ ಒಂದು ಅರ್ಜಿ ಕಳಿಸಿ ನೋಡಬೇಕಿತ್ತು. ಯಾವುದನ್ನು? ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯದು ಯಾರದೋ ಮೂತ್ರಪಿಂಡದ್ದು. ಕೂಸಿನ ಹೃದಯವೂ ಅಲ್ಲೇ ಇತ್ತು. ಗುಂಡಿಯ ಬೆರಳು ಒಂದು ಕ್ಷಣ ಅಲ್ಲಿ ನಿಂತಿತು. ಆಮೇಲೆ ಕೆಳಗಿಳಿದು, ಮುಟ್ಟಬಾರದ ಕಡತವನ್ನು ಮುಟ್ಟಿತು. ಅತ್ತಿಗೆಯದನ್ನೇ ಅವಳು ಮೊದಲು ಕಳಿಸಿದಳು. ಅದು ನಿಜವಾಗಿಯೂ ಮನುಷ್ಯರ ಮುಂದೆ ಬಿದ್ದಿತೆಂದು ಗಾಜಿನ ಕಿಟಕಿಯ ಹೆಂಗಸಿಗೆ ಫೋನು ಮಾಡಿ ಖಾತ್ರಿ ಮಾಡಿಕೊಂಡ ಮೇಲೆ, ಉಳಿದ ಎಲ್ಲವನ್ನೂ ಬಿಟ್ಟಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಪ್ಪಿಗೆ ಬಂತು. ಗುಂಡಿ ಮನೆಗೆ ಫೋನು ಮಾಡಿದಳು. ಅಣ್ಣ ಎತ್ತಿದ.

"ಬಂತು ಅಣ್ಣ! ಒಪ್ಪಿಗೆ ಬಂತು. ಈಗಲೇ ಕರ್ಕೊಂಡು ಹೋಗು, ನಾನು ನೇರ ಆಸ್ಪತ್ರೆಗೇ..."

"ಬೆಳಿಗ್ಗೆ ನೀನು ಹೋದ ಮೇಲೆ ಎದ್ದು ಕಿಟಕಿ ಯಾಕೆ ತೆಗೆದಿಲ್ಲ ಅಂತ ಕೇಳಿದಳು," ಅಣ್ಣ ಹೇಳಿದ. "ಕಿಟಕಿ ತೆಗೆದೇ ಇತ್ತು. ಎಡಗಣ್ಣು ಪೂರ್ತಿ ಕಪ್ಪು. ಬಲಗಣ್ಣೂ ಮಂಜು. ನಿನಗೆ ಹೇಳಬೇಡ ಅಂದಳು, ಹೋದ ಕಡೆ ಗಾಬರಿ ಆಗ್ತಾಳೆ ಅಂತ." ಫೋನು ಇಟ್ಟ.

ಡಾಕ್ಟರು ಆಪರೇಷನ್ ಮಾಡಿದರು. ಪರದೆ ಮತ್ತೆ ಕೂತಿತು, ನೋಟ ಕೂರಲಿಲ್ಲ. ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ ಕೊಟ್ಟು ಬಲಗಣ್ಣನ್ನು ಅಷ್ಟಿಷ್ಟು ಉಳಿಸಿದರು. ಮನುಷ್ಯರ ಆಕಾರ ಕಾಣುತ್ತದೆ, ಮುಖ ಹತ್ತಿರ ಬಂದರೆ ಗೊತ್ತಾಗುತ್ತದೆ. ಸೂಜಿ, ದಾರ, ಕಾಜಾ ಇನ್ನಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ಅತ್ತಿಗೆ ಸುತ್ತ ಒಮ್ಮೆ ನೋಡಿ, "ಪರವಾಗಿಲ್ಲ, ಇನ್ಮೇಲೆ ನಿಮ್ಮಣ್ಣನ ಮುಖ ಅರ್ಧ ನೋಡಿದರೆ ಸಾಕು" ಎಂದಳು. ಯಾರೂ ನಗಲಿಲ್ಲ. ಆಮೇಲೆ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹೆಗಲು ಅಲುಗುತ್ತಿತ್ತು. ಅತ್ತಿಗೆ ಅಳುವುದನ್ನು ಗುಂಡಿ ತನ್ನ ಜೀವಮಾನದಲ್ಲಿ ಕಂಡದ್ದು ಅದೇ ಮೊದಲು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ದಾರಿ ಬದಲಾಯಿಸಿದ್ದಕ್ಕೆ ಯಾರೂ ಅವಳನ್ನು ಹೆಚ್ಚು ಬೈಯಲಿಲ್ಲ. ಬದಲಾಯಿಸದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಅವರಿಗೂ ಗೊತ್ತಿತ್ತು. ಹಿಡಿದುಕೊಂಡದ್ದು ಬೇರೆಯದನ್ನು.

"ನಿಮ್ಮ ಸಂಬಂಧಿಯ ಅರ್ಜೀನೇ ಯಾಕೆ ಮೊದಲು ಕಳಿಸಿದಿರಿ?" ದೊಡ್ಡ ಮೇಜಿನ ಆಚೆಯಿಂದ ನಿರ್ದೇಶಕರು ಕೇಳಿದರು.

ಗುಂಡಿ ಏನೇನೋ ಹೇಳಬಹುದಿತ್ತು. "ನಮ್ಮತ್ತಿಗೆ ಸರ್" ಎಂದಷ್ಟೇ ಹೇಳಿದಳು.

ಅವಳನ್ನು ಆ ಮೇಜಿನಿಂದ ಎತ್ತಿ, ಹಳೆಯ ಕಡತ ವಿಂಗಡಿಸುವ ಕೋಣೆಗೆ ಹಾಕಿದರು. ಅಲ್ಲಿ ಫೋನಿರಲಿಲ್ಲ. ಆದರೂ ಒಂದು ದಿನ ತಡೆಯಲಾರದೆ ಹಳೆಯ ಮೇಜಿನ ಗೆಳತಿಯನ್ನು ಹಿಡಿದು, ಆ ಸಾಲಿನ ಉಳಿದವರು ಏನಾದರು ಎಂದು ಕೇಳಿದಳು. ಬಹುತೇಕರಿಗೆ ಚಿಕಿತ್ಸೆ ಆಗಿತ್ತು. ಕೂಸು ಬದುಕಿತ್ತು. ಸಾಲಿನ ಮೊದಲನೆಯವನು, ಮೂತ್ರಪಿಂಡದವನು, ಒಪ್ಪಿಗೆ ಬರುವ ಹಿಂದಿನ ದಿನವೇ ತೀರಿಕೊಂಡಿದ್ದ. "ಹಾಗಿದ್ರೆ ನಿನ್ನಿಂದ ಏನೂ ಆಗಿಲ್ಲ ಕಣೇ. ನೀನು ಮೊದಲು ಕಳಿಸಿದ್ರೂ ಅವನಿಗೆ ಪ್ರಯೋಜನ ಇರಲಿಲ್ಲ" ಎಂದಳು ಗೆಳತಿ, ಸಮಾಧಾನ ಮಾಡುವವಳ ಹಾಗೆ. ಗುಂಡಿ ತಲೆಯಾಡಿಸಿದಳು. ಸಮಾಧಾನವಾಗಲಿಲ್ಲ. ಅದಕ್ಕೂ ಹಿಂದಿನ ವಾರ, ಅದಕ್ಕೂ ಹಿಂದಿನ ವಾರ, ಅವನ ಆಸ್ಪತ್ರೆಯಿಂದ ಫೋನು ಬಂದಿರಲಿಲ್ಲವೇ?

ಮನೆಯಲ್ಲಿ ಅಣ್ಣ ಅವಳೊಡನೆ ಮಾತು ಬಿಟ್ಟಿದ್ದ. ಜಗಳವಲ್ಲ, ಇದಿರು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದ, ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಕೂರುತ್ತಿದ್ದ. ಅತ್ತಿಗೆ ನಡುವೆ ಕೂತು ಇಬ್ಬರಿಗೂ ಮಾತಾಡುತ್ತಿದ್ದಳು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದಳು. ಗುಂಡಿ ಬೇರೆ ಮನೆ ಹುಡುಕುತ್ತೇನೆಂದಾಗ ಅತ್ತಿಗೆ ಕೇಳಿಸದವಳಂತೆ ಅಡುಗೆಮನೆಗೆ ಹೋದಳು. ಹೋಗುತ್ತಾ ಎಡಹೆಗಲನ್ನು ಬಾಗಿಲ ಚೌಕಟ್ಟಿಗೆ ಬಡಿಸಿಕೊಂಡಳು. ಆ ಹೆಗಲು ಈಚೆಗೆ ಯಾವಾಗಲೂ ನೀಲಿಗಟ್ಟಿರುತ್ತಿತ್ತು.

ತಿಂಗಳಿಗೊಮ್ಮೆ ಬಲಗಣ್ಣಿನ ಇಂಜೆಕ್ಷನ್ನಿಗೆ ಅಣ್ಣನೇ ಅವಳನ್ನು ಕರೆದೊಯ್ಯುತ್ತಿದ್ದ. ಒಂದು ಸಲ ಹೊರಡುವ ಹೊತ್ತಿಗೆ ಅವನಿಗೆ ಕರೆ ಬಂತು. ಎಲ್ಲೋ ಲಿಫ್ಟು ನಡುವೆ ನಿಂತು ಒಳಗೆ ಜನ ಸಿಕ್ಕಿಕೊಂಡಿದ್ದರು. ಅವನು ಚಪ್ಪಲಿ ಮೆಟ್ಟಿ, ಸಾಮಾನಿನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಕೆಳಗಿನ ತಿರುವಿನಲ್ಲಿ ನಿಂತ. ಮೇಲಕ್ಕೆ ನೋಡದೆಯೇ ಹೇಳಿದ:

"ಎಡಗಡೆ ನಡಿ. ಬಲಗಡೆ ಅವಳಿಗೆ ಕಾಣುತ್ತೆ. ಫುಟ್‌ಪಾತ್ ಇಳಿಯುವಾಗ ಬಾಯಲ್ಲಿ ಹೇಳು, ಕೈ ಎಳೀಬೇಡ, ಅವಳಿಗೆ ಸಿಟ್ಟು ಬರುತ್ತೆ."

ಎಷ್ಟೋ ತಿಂಗಳ ಮೇಲೆ ಅವನು ಅವಳಿಗಾಡಿದ ಮಾತು ಅದು. "ಹೂಂ" ಎನ್ನುವಷ್ಟರಲ್ಲಿ ಅವನು ಹೋಗಿಯಾಗಿತ್ತು.

ಅತ್ತಿಗೆ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿದಳು. ಗುಂಡಿ ಎಡಕ್ಕೆ ಬಂದು ನಿಂತಳು. ಇಬ್ಬರೂ ಬೀದಿಗಿಳಿದರು. ಇದಿರಿನಿಂದ ಕೈಗಾಡಿಯವನು ಬರುತ್ತಿದ್ದ, ಪಕ್ಕದಲ್ಲೇ ರಸ್ತೆ ಅಗೆದು ಮಣ್ಣು ಗುಡ್ಡೆ ಹಾಕಿದ್ದರು.

"ಇಲ್ಲಿ ಸ್ವಲ್ಪ ಇಳೀಬೇಕು ಅತ್ತಿಗೆ," ಗುಂಡಿ ಹೇಳಿದಳು. "ಈಗ. ಹಾಂ, ಅಷ್ಟೇ. ಇನ್ನೊಂದು ಹೆಜ್ಜೆ."